ಬಾರಿನ ಮೂಲೆಯಲ್ಲಿ ನುಡಿಸುವವರನ್ನು ಎಲ್ಲಿ ಕೇಳಬೇಕು, ಹೇಗೆ ಕೇಳಬೇಕು?

ಮಲ್ಲೇಶ್ವರದ ಕೇಳುಗ

ಕಳೆದ ಗುರುವಾರ ರಾತ್ರಿ ಇಂದಿರಾನಗರದ ಒಂದು ಪಬ್ಬಿನಲ್ಲಿ ಮಗಳ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ಊಟವಿತ್ತು. ಅವಳನ್ನು ಕರೆತರಲೆಂದು ಹೋದ ನನ್ನನ್ನು ಅವರೆಲ್ಲ ಒತ್ತಾಯ ಮಾಡಿ ಒಳಗೆ ಕೂರಿಸಿದರು. ನಾನು ಸಂಗೀತ ಕೇಳಿ ಬೆಳೆದದ್ದು ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ. 1939ರಿಂದ ನಡೆದುಬಂದಿರುವ ರಾಮನವಮಿ ಕಚೇರಿಗಳ ಚಪ್ಪರದಡಿ, ತಂದೆಯ ತೊಡೆಯ ಮೇಲೆ ನಿದ್ದೆಹೋಗಿ, ಮೃದಂಗದವರ ತನಿ ಆವರ್ತನದ ಹೊತ್ತಿಗೆ ಎಚ್ಚರಗೊಳ್ಳುತ್ತಿದ್ದವನು. ಬಾರಿನಲ್ಲಿ ಕೂತು ಸಂಗೀತ ಕೇಳಬಹುದು ಎಂಬ ಯೋಚನೆಯೇ ಐವತ್ತೆಂಟು ವರ್ಷಗಳಲ್ಲಿ ನನಗೆ ಬಂದಿರಲಿಲ್ಲ.

ಅಲ್ಲಿ ನಾಲ್ವರ ತಂಡವೊಂದು ನುಡಿಸುತ್ತಿತ್ತು. ಗಿಟಾರು, ಬೇಸ್, ಡ್ರಮ್ಸ್, ಜೊತೆಗೆ ಕೀಬೋರ್ಡ್ ನುಡಿಸುತ್ತಲೇ ಹಾಡುತ್ತಿದ್ದ ಒಬ್ಬ ಮಹಿಳೆ. ವೇದಿಕೆ ಎಂದರೆ ಅಡುಗೆಮನೆಯ ಬಾಗಿಲಿನ ಪಕ್ಕದಲ್ಲಿ ಒಂದು ಗೇಣು ಎತ್ತರಿಸಿದ ಹಲಗೆ, ಅಷ್ಟೇ. ಸುತ್ತಲಿನ ಮೇಜುಗಳಲ್ಲಿ ಮಾತು, ನಗು, ಗಾಜಿನ ಸದ್ದು. ಮೂರನೆಯದೋ ನಾಲ್ಕನೆಯದೋ ಹಾಡಿನ ನಡುವೆ ಗಿಟಾರ್ ವಾದಕರಿಗೆ ತಾವೊಬ್ಬರೇ ನುಡಿಸುವ ಅವಕಾಶ ಬಂದಾಗ ಅವರು ಎರಡೇ ಸ್ವರಗಳಿಂದ ಶುರುಮಾಡಿದರು. ನುಡಿಸಿ, ನಿಲ್ಲಿಸಿ, ಡ್ರಮ್ಮಿನ ನಡೆ ಒಂದು ಸುತ್ತು ಮುಗಿಯುವವರೆಗೆ ಸುಮ್ಮನಿದ್ದು, ಮತ್ತೆ ಅದೇ ಎರಡು ಸ್ವರಗಳನ್ನು ಸ್ವಲ್ಪ ಎಳೆದು, ಬಾಗಿಸಿ ನುಡಿಸಿದರು. ಆಲಾಪನೆಯಲ್ಲಿ ಒಂದು ಸ್ವರದ ಮೇಲೆ ನಿಂತು ಮುಂದಕ್ಕೆ ಹೋಗದೆ ಇರುವ ಧೈರ್ಯ ದೊಡ್ಡ ವಿದ್ವಾಂಸರಿಗೆ ಮಾತ್ರ ಇರುತ್ತದೆ ಎಂದು ನಾನು ನಂಬಿದ್ದೆ. ಆ ಧೈರ್ಯವನ್ನು ಅಂದು ಅಲ್ಲಿ ಕಂಡೆ. ಅವರು ಮುಗಿಸಿದಾಗ ಚಪ್ಪಾಳೆ ತಟ್ಟಿದವನು ನಾನೊಬ್ಬನೇ. ಅವರು ತಲೆಯೆತ್ತಿ ನನ್ನ ಕಡೆ ನೋಡಿ ನಕ್ಕರು.

ಆ ನಗು ನನ್ನನ್ನು ಬಿಟ್ಟಿಲ್ಲ. ಇವರೆಲ್ಲ ಯಾರು, ಹೇಗೆ ಬದುಕುತ್ತಾರೆ, ಇಂಥವರನ್ನು ಈ ಊರಿನಲ್ಲಿ ಬೇರೆಲ್ಲಿ ಕೇಳಬಹುದು? ಅಲ್ಲಿ ಕೇಳುಗನಾಗಿ ನಡೆದುಕೊಳ್ಳುವ ರೀತಿ ಯಾವುದು? ಸಭಾದಲ್ಲಿ ತಾಳ ಹಾಕುತ್ತ ತಲೆದೂಗುವುದನ್ನು ಬಲ್ಲೆ. ಅಲ್ಲಿ ಏನು ಮಾಡಿದರೆ ಮೆಚ್ಚಿದ್ದು ತಲುಪುತ್ತದೆ ಎಂದು ತಿಳಿಯದೆ ಕೇಳುತ್ತಿದ್ದೇನೆ.

ನಾಲ್ಕು ತಂತಿ

ನಾನು ಹದಿನೇಳು ವರ್ಷಗಳಿಂದ ಬೆಂಗಳೂರಿನ ಬಾರುಗಳಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ನಿಮ್ಮ ಬರಹವನ್ನು ಓದಿ ಮನಸ್ಸು ತುಂಬಿಬಂತು, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಬದುಕುವ ವಿಷಯವನ್ನೇ ಮೊದಲು ಹೇಳುತ್ತೇನೆ. ಬಾರಿನಲ್ಲಿ ನುಡಿಸಿದ ಹಣದಿಂದಲೇ ಮನೆ ನಡೆಸುವವರು ನನಗೆ ಗೊತ್ತಿರುವವರಲ್ಲಿ ಬಹಳ ಕಡಿಮೆ. ನಾನು ಹಗಲು ಮಕ್ಕಳಿಗೆ ಪಾಠ ಹೇಳುತ್ತೇನೆ. ನಮ್ಮ ಡ್ರಮ್ ವಾದಕ ಒಂದು ಕಂಪನಿಯಲ್ಲಿ ಎಂಜಿನಿಯರ್. 1996ರಲ್ಲಿ ಈ ಊರಿನಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್‌ನಂಥ ತಂಡ, ಸ್ವಂತ ಹಾಡುಗಳಿಂದ ದೇಶದಾಚೆಗೂ ಹೆಸರು ಮಾಡಿದ ತಂಡ, ಅದು ಕೂಡ ತನ್ನದೇ ಸಂಗೀತ ಶಾಲೆಯನ್ನು ಕಟ್ಟಿ ಪಾಠ ಹೇಳುತ್ತ ಬಂದಿದೆ. ಪಾಠವನ್ನು ನಾವು ಕೀಳಾಗಿ ಕಾಣುವುದಿಲ್ಲ. ನನ್ನ ಬೆರಳುಗಳನ್ನು ಇಷ್ಟು ವರ್ಷ ಚುರುಕಾಗಿ ಇಟ್ಟದ್ದು ಪಾಠವೇ.

ಇನ್ನು ಕೆಲಸದ ಸ್ವರೂಪ. ಒಂದು ರಾತ್ರಿಗೆ ಸಾಮಾನ್ಯವಾಗಿ ಮುಕ್ಕಾಲು ಗಂಟೆಯ ಎರಡು ಅಥವಾ ಮೂರು ಸೆಟ್‌ಗಳು, ನಡುವೆ ಸಣ್ಣ ವಿರಾಮ. ಒಂದು ಸೆಟ್ಟಿಗೆ ಹತ್ತು ಹಾಡು ಎಂದುಕೊಂಡರೂ ಮೂವತ್ತು ಹಾಡು ಸಿದ್ಧವಿರಬೇಕು. ಆದರೆ ಬರೆದುಕೊಂಡು ಬಂದ ಪಟ್ಟಿಯಂತೆಯೇ ರಾತ್ರಿ ನಡೆಯುವುದು ಅಪರೂಪ. ಎಂಟು ಗಂಟೆಗೆ ಕುಟುಂಬಗಳು ಊಟಕ್ಕೆ ಕೂತಿರುತ್ತವೆ, ಹತ್ತಕ್ಕೆ ಹುಡುಗರ ಗುಂಪು ಬರುತ್ತದೆ. ಎರಡಕ್ಕೂ ಒಂದೇ ಸಂಗೀತ ಹೊಂದುವುದಿಲ್ಲ. ಹಾಗಾಗಿ ಇನ್ನೂರು ಹಾಡುಗಳಾದರೂ ಕೈಯಲ್ಲಿ ಇರಬೇಕು, ಅವುಗಳನ್ನು ಹಾಡುವವರ ಗಂಟಲಿಗೆ ತಕ್ಕಂತೆ ಒಂದು ಮನೆ ಕೆಳಗೆ ಅಥವಾ ಮೇಲೆ ತಕ್ಷಣ ಸರಿಸಿ ನುಡಿಸುವ ಅಭ್ಯಾಸವೂ ಇರಬೇಕು. ಹಾಡು ನಡೆಯುತ್ತಿರುವಾಗ ಮುಂದಿನ ಹಾಡಿನ ಶ್ರುತಿಯನ್ನು ಬೆರಳಿನಲ್ಲಿ ತೋರಿಸುವ ಪದ್ಧತಿ ನಮ್ಮಲ್ಲಿದೆ. ಮೇಲೆತ್ತಿದ ಬೆರಳುಗಳು ಆ ಶ್ರುತಿಯಲ್ಲಿ ಬರುವ ಶಾರ್ಪ್‌ಗಳ (ಅರ್ಧ ಸ್ವರ ಏರಿಸಿದವುಗಳ) ಎಣಿಕೆ, ಕೆಳಗಿಳಿಸಿದವು ಫ್ಲಾಟ್‌ಗಳ (ಅರ್ಧ ಸ್ವರ ಇಳಿಸಿದವುಗಳ) ಎಣಿಕೆ. ಗಾಯಕಿ ಬೆನ್ನ ಹಿಂದೆ ಎರಡು ಬೆರಳು ಮೇಲೆತ್ತಿದರೆ ಡಿ ಶ್ರುತಿ, ಒಂದು ಬೆರಳನ್ನು ನೆಲಕ್ಕೆ ತೋರಿಸಿದರೆ ಎಫ್ ಶ್ರುತಿ. ಯಕ್ಷಗಾನದ ಭಾಗವತರು ಕಪ್ಪು ಎರಡು, ಬಿಳಿ ನಾಲ್ಕು ಎನ್ನುವ ಹಾಗೆ ಇದು ನಮ್ಮ ಒಳಭಾಷೆ. ನೀವು ಮುಂದಿನ ಸಲ ಹೋದಾಗ ಗಮನಿಸಿ, ಖಂಡಿತ ಕಾಣುತ್ತದೆ.

ಆದರೆ ಇದೆಲ್ಲಕ್ಕಿಂತ ಕಷ್ಟದ್ದು ಕೇಳದವರಿಗಾಗಿ ಚೆನ್ನಾಗಿ ನುಡಿಸುವುದು. ಸಭಾದಲ್ಲಿ ಜನ ಕೇಳಲೆಂದೇ ಬಂದಿರುತ್ತಾರೆ. ನಮ್ಮಲ್ಲಿ ಬರುವವರು ಊಟಕ್ಕೆ, ಮಾತಿಗೆ, ದಣಿವು ಕಳೆಯುವುದಕ್ಕೆ ಬಂದವರು, ಮತ್ತು ಅದು ಅವರ ಹಕ್ಕು. ಅವರ ಮಾತನ್ನು ಮುಳುಗಿಸದೆ, ಆದರೂ ಕಿವಿಗೊಟ್ಟ ಒಬ್ಬನಿಗೆ ಪೂರ್ತಿ ತಲುಪುವ ಹಾಗೆ ನುಡಿಸುವುದನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಆ ಗಿಟಾರ್ ವಾದಕರು ಎರಡು ಸ್ವರಗಳ ನಡುವೆ ಮೌನವನ್ನು ಬಿಟ್ಟರು ಎಂದಿರಿ. ಗದ್ದಲದ ಕೋಣೆಯಲ್ಲಿ ಮೌನವನ್ನು ನಂಬುವುದು ವರ್ಷಗಟ್ಟಲೆ ನುಡಿಸಿದ ಮೇಲೆ ಬರುವ ವಿದ್ಯೆ.

ಮೆಚ್ಚುಗೆ ತಿಳಿಸುವ ಬಗೆಯನ್ನು ಕೇಳಿದಿರಿ. ನೀವು ಮಾಡಿದ್ದೇ ಸರಿ. ಒಬ್ಬರ ಏಕವಾದನ ಮುಗಿದ ಕೂಡಲೇ, ಹಾಡು ಇನ್ನೂ ನಡೆಯುತ್ತಿರುವಾಗಲೇ ಚಪ್ಪಾಳೆ ತಟ್ಟುವುದು ಜಾಝ್‌ನಿಂದ ಬಂದ ರೂಢಿ. ಇಷ್ಟದ ಹಾಡನ್ನು ಕೂಗಿ ಕೇಳುವ ಬದಲು ವಿರಾಮದಲ್ಲಿ ಚೀಟಿ ಕೊಟ್ಟರೆ ನಮಗೆ ಯೋಚಿಸಲು ಸಮಯ ಸಿಗುತ್ತದೆ. ತಂಡದ ಸ್ವಂತ ಹಾಡುಗಳು ಇವೆಯೇ ಎಂದು ವಿಚಾರಿಸಿ. ಇರುತ್ತವೆ, ಬಹಳ ಸಲ ಯಾರೂ ಕೇಳದ ಕಾರಣ ನುಡಿಸಿರುವುದಿಲ್ಲ. ಹೊರಡುವಾಗ ಪಬ್ಬಿನ ಮ್ಯಾನೇಜರ್ ಹತ್ತಿರ ಇವತ್ತು ಬಂದದ್ದು ಸಂಗೀತಕ್ಕಾಗಿ ಎಂದು ಒಂದು ಮಾತು ಹೇಳಿ. ಹಣದ ಲೆಕ್ಕ ನೋಡುವವರು ಅವರು; ಆ ಮಾತು ನಮಗೆ ಮುಂದಿನ ತಿಂಗಳ ಕೆಲಸವಾಗಿ ಬರುತ್ತದೆ. ನಾಲ್ಕು ತಿಂಗಳು ನುಡಿಸಿಕೊಂಡು ಕೊನೆಯ ಎರಡು ತಿಂಗಳ ಸಂಭಾವನೆಯನ್ನು ಕೊಡದ ಜಾಗವನ್ನೂ ನಾನು ಕಂಡಿದ್ದೇನೆ. ಬರವಣಿಗೆಯಲ್ಲಿ ಒಪ್ಪಂದವಿಲ್ಲದ ಈ ಕಸುಬಿನಲ್ಲಿ ಕೇಳುಗರ ಮಾತೇ ನಮಗಿರುವ ಆಧಾರ.

ಜೆ.ಪಿ. ನಗರ

ಪಬ್ಬಿನಲ್ಲಿ ಹಾಡುವವರು ಬೇರೆಯವರ ಹಾಡನ್ನು ಹಾಗೆಯೇ ಒಪ್ಪಿಸುತ್ತಾರೆ. ಅದನ್ನು ರಾಮನವಮಿ ಕಚೇರಿಗೆ ಹೋಲಿಸುವುದು ನನಗೆ ಸರಿಕಾಣಲಿಲ್ಲ.

ನಾಲ್ಕು ತಂತಿ

ಕಚೇರಿಯಲ್ಲಿ ಹಾಡುವ ಕೃತಿಗಳೂ ಹಾಡುವವರು ರಚಿಸಿದವಲ್ಲ. ತ್ಯಾಗರಾಜರ ಕೃತಿಯನ್ನು ಇಬ್ಬರು ವಿದ್ವಾಂಸರು ಹಾಡಿದಾಗ ನಾವು ಕೇಳುವುದು ಅವರಿಬ್ಬರ ನಡುವಿನ ವ್ಯತ್ಯಾಸವನ್ನು. ಹಳೆಯ ಬ್ಲೂಸ್ ಹಾಡಿನ ಹನ್ನೆರಡು ಬಾರ್‌ಗಳ, ಎಂದರೆ ತಾಳದ ಹನ್ನೆರಡು ಸುತ್ತುಗಳ, ಚೌಕಟ್ಟೂ ಅಂಥದ್ದೇ: ಸ್ವರಸಂಗತಿಗಳ ಕ್ರಮ ಎಲ್ಲರಿಗೂ ಗೊತ್ತು, ಅದರೊಳಗೆ ಈ ರಾತ್ರಿ ಈ ಮನುಷ್ಯ ಏನು ಹೇಳುತ್ತಾನೆ ಎಂಬುದಷ್ಟೇ ಹೊಸದು. ಧ್ವನಿಮುದ್ರಿಕೆಯನ್ನು ಅಚ್ಚು ಹೊಡೆದಂತೆ ಒಪ್ಪಿಸುವ ತಂಡಗಳು ಇವೆ ಎಂಬುದನ್ನು ಒಪ್ಪುತ್ತೇನೆ. ಹಾಗೆಂದು ಎಲ್ಲರನ್ನೂ ಅದೇ ಸಾಲಿನಲ್ಲಿ ನಿಲ್ಲಿಸಬೇಡಿ.

ಹುಬ್ಬಳ್ಳಿಯ ಕೀಬೋರ್ಡ್

ಒಪ್ಪಿಸುವುದನ್ನೂ ಅಷ್ಟು ಹಗುರವಾಗಿ ಕಾಣಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಾನು ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಆರ್ಕೆಸ್ಟ್ರಾಗಳಲ್ಲಿ ಹನ್ನೊಂದು ವರ್ಷ ಕೀಬೋರ್ಡ್ ನುಡಿಸಿ, ಆಮೇಲೆ ಬೆಂಗಳೂರಿಗೆ ಬಂದು ಬಾರಿನ ತಂಡ ಸೇರಿದವನು. ಗಣೇಶ ಚೌತಿ, ರಾಜ್ಯೋತ್ಸವ, ಜಾತ್ರೆ, ಇವು ನಮ್ಮ ಸುಗ್ಗಿ. ಕನ್ನಡ ಸಿನಿಮಾ ಹಾಡೊಂದರ ಧ್ವನಿಮುದ್ರಣದಲ್ಲಿ ಇಪ್ಪತ್ತು ಪಿಟೀಲು, ಒಂದು ಕೊಳಲು, ಒಂದು ಸಿತಾರ್, ತಬಲಾ, ಢೋಲಕ್ ಎಲ್ಲ ಇರುತ್ತಿದ್ದವು. ಆರ್ಕೆಸ್ಟ್ರಾದಲ್ಲಿ ಅವೆಲ್ಲವೂ ನನ್ನ ಎರಡು ಕೈ ಮತ್ತು ರಿದಮ್ ಪ್ಯಾಡ್ ನುಡಿಸುವವನ ಎರಡು ಕೋಲುಗಳಿಂದಲೇ ಬರಬೇಕು. ಎಡಗೈಯಲ್ಲಿ ಪಿಟೀಲುಗಳ ಸಾಲು ಹಿಡಿದು, ಬಲಗೈಯಲ್ಲಿ ಕೊಳಲಿನ ತುಣುಕನ್ನು ನುಡಿಸುತ್ತಿರುವಾಗಲೇ ಸಿತಾರ್‌ನ ನಾದವನ್ನು ಆರಿಸಿಕೊಳ್ಳಲು ಗುಂಡಿ ಒತ್ತಬೇಕು. ಹಾಡಿನ ಮುನ್ನ ಬರುವ ಆ ಹದಿನೈದು ಸೆಕೆಂಡಿನ ವಾದ್ಯಸಂಗೀತ ತಪ್ಪಿದರೆ ಊರಿನ ಹಿರಿಯರು ಮುಂದಿನ ಸಾಲಿನಿಂದಲೇ ಎದ್ದು ಹೇಳುತ್ತಿದ್ದರು. ಸ್ವರ ಬರೆದುಕೊಳ್ಳಲು ಬಾರದ ನಾನು ಅದನ್ನೆಲ್ಲ ಕ್ಯಾಸೆಟ್ಟು ಸುತ್ತಿ ಸುತ್ತಿ ಕಿವಿಯಿಂದ ಕಲಿತೆ. ಇಂದು ಬೆಂಗಳೂರಿನ ಬಾರುಗಳಲ್ಲಿ ಕೇಳುವ ಕೈಗಳಲ್ಲಿ ಕೆಲವು ಇಂಥ ವೇದಿಕೆಗಳಲ್ಲೇ ಪಳಗಿದವು.

ನನಗೆ ನೋವು ಇರುವುದು ಬೇರೆ ವಿಷಯದಲ್ಲಿ. ಬೆಂಗಳೂರಿನ ಪಬ್ಬುಗಳಲ್ಲಿ ಕನ್ನಡ ಹಾಡು ಯಾಕೆ ಇಷ್ಟು ಕಡಿಮೆ? ಶಿಶುನಾಳ ಷರೀಫರು 1889ರಲ್ಲಿ ತೀರಿಕೊಂಡವರು. ಅವರ ತತ್ವಪದಗಳನ್ನು ಸಿ. ಅಶ್ವತ್ಥ್ ಮನೆಮನೆಗೆ ಮುಟ್ಟಿಸಿದರು. ರಘು ದೀಕ್ಷಿತ್ ಗಿಟಾರು, ಪಿಟೀಲುಗಳೊಂದಿಗೆ ಅವನ್ನು ಇಂಗ್ಲೆಂಡಿನವರೆಗೂ ಒಯ್ದರು. ಸ್ವರಾತ್ಮ ತಂಡ ಕನ್ನಡದ ಜನಪದದ ಲಯವನ್ನು ರಾಕ್ ವೇದಿಕೆಗೆ ತಂದಿತು. ದೊಡ್ಡ ಉತ್ಸವಗಳಲ್ಲಿ ಇವು ಸಲ್ಲುತ್ತವೆ ಎಂದಾದರೆ ಗುರುವಾರ ರಾತ್ರಿಯ ಮೂಲೆಯ ಹಲಗೆಯ ಮೇಲೆ ಯಾಕೆ ಸಲ್ಲಬಾರದು? ನಮ್ಮ ತಂಡದಲ್ಲಿ ಪ್ರತಿ ಸೆಟ್ಟಿನಲ್ಲೂ ಎರಡು ಕನ್ನಡ ಹಾಡು ಇರಬೇಕೆಂದು ನಾನು ಹಟ ಹಿಡಿದಿದ್ದೇನೆ. ಅಡುಗೆಮನೆಯಿಂದ ಹುಡುಗರು ಬಾಗಿಲಿಗೆ ಬಂದು ನಿಂತು ಕೇಳುವುದು ಆ ಎರಡು ಹಾಡುಗಳ ಹೊತ್ತಿನಲ್ಲಿ.

ದಂಡು ಪ್ರದೇಶ

ನಾನು ಫ್ರೇಜರ್ ಟೌನಿನಲ್ಲಿ ಹುಟ್ಟಿ ಬೆಳೆದವನು, ಈಗ ಎಪ್ಪತ್ತು ದಾಟಿದೆ. ಕನ್ನಡ ಹಾಡು ಕಡಿಮೆ ಇರುವುದಕ್ಕೆ ಒಂದು ಚರಿತ್ರೆಯಿದೆ, ಅದನ್ನು ಹೇಳಿದರೆ ಕೋಪ ಸ್ವಲ್ಪ ಇಳಿಯಬಹುದು.

1809ರಲ್ಲಿ ಬ್ರಿಟಿಷರು ಇಲ್ಲಿ ದಂಡು, ಎಂದರೆ ಸೇನೆಯ ಕಂಟೋನ್ಮೆಂಟು, ಕಟ್ಟಿದಾಗಿನಿಂದ ಇದು ಎರಡು ಊರುಗಳ ಊರು. ಪೇಟೆಯಲ್ಲಿ ಹರಿಕಥೆ, ಭಜನೆ, ಕಚೇರಿ. ದಂಡಿನಲ್ಲಿ ಸೇನೆಯ ಬ್ಯಾಂಡು, ಚರ್ಚಿನ ವೃಂದಗಾನ, ಕ್ಲಬ್ಬುಗಳ ನೃತ್ಯಸಂಜೆ. ಆ ನೃತ್ಯಸಂಜೆಗಳಿಗೆ ನುಡಿಸುತ್ತಿದ್ದವರು ಹೆಚ್ಚಾಗಿ ಆಂಗ್ಲೋ ಇಂಡಿಯನ್ನರು ಮತ್ತು ಗೋವೆಯಿಂದ ಬಂದವರು. ಗೋವೆಯ ಪ್ಯಾರಿಷ್ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿ ಓದುವುದನ್ನು ಕಲಿಸುತ್ತಿದ್ದರು. ಹಾಗಾಗಿ ಕಾಗದ ಮುಂದಿಟ್ಟರೆ ಓದಿ ನುಡಿಸಬಲ್ಲ ವಾದಕರು ಬೇಕೆಂದಾಗ ಮುಂಬಯಿಯ ಸಿನಿಮಾ ಲೋಕವೂ ನಮ್ಮ ಹೋಟೆಲುಗಳೂ ಅವರನ್ನೇ ಕರೆದವು. ನನ್ನ ತಂದೆ ರೈಲ್ವೆಯಲ್ಲಿದ್ದರು. ಶನಿವಾರ ಸಂಜೆ ಸೂಟು ಹಾಕಿಕೊಂಡು ಸ್ಯಾಕ್ಸೊಫೋನ್ ಎತ್ತಿಕೊಂಡು ಕ್ಲಬ್ಬಿಗೆ ಹೋಗುತ್ತಿದ್ದರು. ಪೇಟೆಯ ಗೆಳೆಯರಿಗೆ ಅದು ಸ್ಯಾಕ್ಸೊಫೋನ್ ಎಂದು ಹೇಳಿದರೆ, ಕದ್ರಿ ಗೋಪಾಲನಾಥರ ಹೆಸರು ಇನ್ನೂ ಹರಡಿರದ ಆ ಕಾಲದಲ್ಲಿ, ಬ್ಯಾಂಡ್ ಸೆಟ್ಟಿನ ಕಹಳೆ ಎಂದೇ ತಿಳಿಯುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಹ್ಯೂಮನ್ ಬಾಂಡೇಜ್ ತಂಡವನ್ನು ಕೇಳಲು ನಾವು ಸೈಕಲ್ಲಿನಲ್ಲಿ ಹೋಗುತ್ತಿದ್ದೆವು. ಎಂಬತ್ತರ ದಶಕದ ಕೊನೆಗೆ ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟಿನ ಸುತ್ತ ಪಬ್ಬುಗಳು ಬಂದವು. 1989ರಲ್ಲಿ ಶುರುವಾದ ಪೆಕೋಸ್‌ನಂಥ ಜಾಗಗಳಲ್ಲಿ ಗೋಡೆಯ ತುಂಬ ಸಂಗೀತಗಾರರ ಚಿತ್ರಗಳಿದ್ದವು, ಸಂಗೀತ ಬರುತ್ತಿದ್ದದ್ದು ಮಾತ್ರ ಹೆಚ್ಚಾಗಿ ಟೇಪಿನಿಂದ. ಆ ಟೇಪುಗಳನ್ನು ಕೇಳಿದ ಹುಡುಗರೇ ಮುಂದೆ ಗಿಟಾರ್ ಹಿಡಿದರು. 1996ರಿಂದ ಸ್ವಾತಂತ್ರ್ಯ ದಿನಾಚರಣೆಯ ಹೊತ್ತಿಗೆ ನಡೆಯತೊಡಗಿದ ಫ್ರೀಡಂ ಜ್ಯಾಮ್ ಅಂಥ ಹುಡುಗರಿಗೆ ಟಿಕೆಟಿಲ್ಲದ, ಯಾರು ಬೇಕಾದರೂ ಹತ್ತಬಹುದಾದ ವೇದಿಕೆಯಾಯಿತು. ಮಳೆಯಲ್ಲಿ ನೆನೆದುಕೊಂಡು ನಿಂತು ಅಲ್ಲಿ ಕೇಳಿದ ಒಂದು ಬ್ಲೂಸ್ ತಂಡ ನನಗೆ ಇನ್ನೂ ಮರೆತಿಲ್ಲ.

ಹುಬ್ಬಳ್ಳಿಯವರೇ, ಭಾಷೆಯನ್ನು ದೂರವಿಟ್ಟದ್ದು ನುಡಿಸುವವರಲ್ಲ. ಎರಡು ಊರುಗಳು ಒಂದಾಗಲು ತೆಗೆದುಕೊಂಡ ಕಾಲ ಅದು. ಈಗ ಕರ್ನಾಟಕ ಸಂಗೀತದ ಕೃತಿಗಳನ್ನು ರಾಕ್ ವಾದ್ಯಗಳೊಂದಿಗೆ ಹಾಡುವ ಅಗಮ್‌ನಂಥ ತಂಡ ಈ ಊರಿನಿಂದಲೇ ಹುಟ್ಟಿದೆ. ನಿಮ್ಮ ಎರಡು ಹಾಡುಗಳ ಹಟವನ್ನು ದಯವಿಟ್ಟು ಬಿಡಬೇಡಿ.

ವಕೀಲ, ಹಲಸೂರು

ಇಷ್ಟು ಹೊತ್ತಾದರೂ ಯಾರೂ ಒಂದು ಮಾತನ್ನು ಎತ್ತಿಲ್ಲ. ಕನ್ನಡ ಪತ್ರಿಕೆಗಳಲ್ಲಿ ಲೈವ್ ಬ್ಯಾಂಡ್ ಎಂಬ ಪದ ಬಂದರೆ ಓದುಗರ ಕಣ್ಣಿಗೆ ಬರುವುದು ಏನು? ಗಿಟಾರ್ ಅಲ್ಲ, ಪೊಲೀಸ್ ದಾಳಿ. ಇಪ್ಪತ್ತು ವರ್ಷಗಳ ಹಿಂದೆ ಹೆಣ್ಣುಮಕ್ಕಳನ್ನು ಕುಣಿಸಿ ಹಣ ಎರಚುವ ಬಾರುಗಳನ್ನು ಈ ಹೆಸರಿನಿಂದ ಕರೆದರು, ಹೆಸರು ಅಲ್ಲಿಯೇ ಅಂಟಿಕೊಂಡಿತು. ನನ್ನ ತಮ್ಮ ಡ್ರಮ್ಸ್ ನುಡಿಸುತ್ತಾನೆ. ಅವನಿಗೆ ಹೆಣ್ಣು ನೋಡುವಾಗ ಹುಡುಗ ಬಾರಿನ ಲೈವ್ ಬ್ಯಾಂಡಿನಲ್ಲಿ ಇದ್ದಾನಂತೆ ಎಂಬ ಒಂದೇ ಮಾತಿಗೆ ಎರಡು ಸಂಬಂಧಗಳು ಮುರಿದವು.

ಕಾನೂನಿನಲ್ಲೂ ಈ ಗೊಂದಲದ ನೆರಳು ಇದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಅಡಿಯಲ್ಲಿ, ಬೆಂಗಳೂರಿನ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕೊಡುವ ಮತ್ತು ಅವನ್ನು ನಿಯಂತ್ರಿಸುವ ಆದೇಶವೊಂದು 2005ರಲ್ಲಿ ಬಂತು. ಲೈವ್ ಬ್ಯಾಂಡ್ ರೆಸ್ಟೋರೆಂಟುಗಳ ಸಂಘ ಅದನ್ನು ಪ್ರಶ್ನಿಸಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2018ರ ಜನವರಿಯಲ್ಲಿ ಆದೇಶ ಊರ್ಜಿತವಾಯಿತು. ಆ ವರ್ಷವೇ ಪೊಲೀಸರು ಪಬ್ಬುಗಳಿಗೆ ನೋಟಿಸು ಕೊಟ್ಟಾಗ ಕುಣಿತದ ಬಾರಿಗೂ, ಮೂಲೆಯಲ್ಲಿ ಕೂತು ಒಬ್ಬರೇ ಗಿಟಾರ್ ನುಡಿಸುವ ಜಾಗಕ್ಕೂ ಒಂದೇ ಪರವಾನಗಿಯ ಪ್ರಶ್ನೆ ಎದುರಾಯಿತು. ಪರವಾನಗಿ ಬೇಕೆಂದರೆ ಕಟ್ಟಡದ ಸ್ವಾಧೀನಾನುಭವ ಪತ್ರ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಎಲ್ಲ ಬೇಕು. ಈ ಊರಿನ ಎಷ್ಟೋ ಕಟ್ಟಡಗಳಿಗೆ ಸ್ವಾಧೀನಾನುಭವ ಪತ್ರವೇ ಇಲ್ಲ. ಅದು ಸಂಗೀತಗಾರನ ತಪ್ಪಲ್ಲ, ಆದರೆ ಕೆಲಸ ಕಳೆದುಕೊಂಡವನು ಅವನೇ. ತಮ್ಮ ಆ ಆರು ತಿಂಗಳು ಡ್ರಮ್ ಸೆಟ್ಟಿನ ಮೇಲೆ ಬಟ್ಟೆ ಹೊದಿಸಿಟ್ಟಿದ್ದ.

ಬೆಂಕಿಯ ಸುರಕ್ಷತೆ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಒಂದೇ ಬಾಗಿಲಿನ ನಾಲ್ಕನೇ ಮಹಡಿಯಲ್ಲಿ ಇನ್ನೂರು ಜನ ಕೂರುವುದು ಅಪಾಯವೇ. ನಾನು ಕೇಳುವುದು ಇಷ್ಟು: ಆ ಅಪಾಯ ಸ್ಪೀಕರಿನಲ್ಲಿ ಧ್ವನಿಮುದ್ರಿಕೆ ಹಾಕಿದರೂ ಇರುತ್ತದೆ, ಹಾಗಿರುವಾಗ ಜೀವಂತ ಮನುಷ್ಯ ನುಡಿಸುವುದಕ್ಕೆ ಮಾತ್ರ ಬೇರೆ ಬಾಗಿಲು ಏಕೆ? ಮತ್ತು ಬರೆಯುವವರಿಗೆ ನನ್ನ ಬೇಡಿಕೆ: ವಾದ್ಯತಂಡ ಎನ್ನಿ, ಸಂಗೀತ ತಂಡ ಎನ್ನಿ, ಬರೀ ಬ್ಯಾಂಡು ಎನ್ನಿ. ಆ ಜೋಡಿಪದವನ್ನು ಮಾತ್ರ ಇವರ ಮೇಲೆ ಹೊರಿಸಬೇಡಿ.

ಹನ್ನೆರಡನೇ ಮುಖ್ಯರಸ್ತೆ

ಇಂದಿರಾನಗರದ ನಿವಾಸಿಯಾಗಿ ಒಂದು ಮಾತು. ನಮ್ಮ ಮನೆಯ ಹಿಂದಿನ ಕಟ್ಟಡದ ಮೇಲ್ಛಾವಣಿಯಲ್ಲಿ ವಾರಕ್ಕೆ ನಾಲ್ಕು ರಾತ್ರಿ ಸಂಗೀತ ನಡೆಯುತ್ತದೆ. ಹಾಡು ಕೇಳಿಸುವುದಿಲ್ಲ, ಕೇಳಿಸಿದ್ದರೆ ಮೆಚ್ಚುತ್ತಿದ್ದೆನೋ ಏನೋ. ಕೇಳಿಸುವುದು ಧುಮ್ ಧುಮ್ ಎಂಬ ಒಂದೇ ಸದ್ದು, ಅದೂ ಕಿವಿಗಿಂತ ಹೆಚ್ಚಾಗಿ ಮಂಚದ ಕಾಲುಗಳ ಮೂಲಕ. ಎಂಬತ್ತನಾಲ್ಕು ವರ್ಷದ ನನ್ನ ಅತ್ತೆ ಹನ್ನೊಂದೂವರೆಗೆ ಎದ್ದು ಕೂರುತ್ತಾರೆ. ಸಂಗೀತವನ್ನು ಪ್ರೀತಿಸುವವರು ಈ ಬಗ್ಗೆ ಏನು ಹೇಳುತ್ತೀರಿ?

ಮಿಕ್ಸರ್ ಹಿಂದೆ

ನಾನು ಧ್ವನಿ ತಂತ್ರಜ್ಞ. ಅಮ್ಮನವರ ದೂರು ನ್ಯಾಯವಾದದ್ದು, ಮತ್ತು ಅದಕ್ಕೆ ಕಾರಣವನ್ನು ವಿವರಿಸಬಲ್ಲೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಹಾಡುವ ದನಿಯನ್ನು, ಸಿಂಬಲ್ಲಿನ ಝೇಂಕಾರವನ್ನು ಒಂದು ದಪ್ಪ ಪರದೆ, ಒಂದು ಗಾಜಿನ ಕಿಟಕಿ ಬಹುಮಟ್ಟಿಗೆ ತಡೆಯುತ್ತದೆ. ಎಂಟು ಮೀಟರಿನ ಅಲೆಯನ್ನು ಪರದೆ ಏನೂ ಮಾಡಲಾರದು. ಅದು ಗೋಡೆಯನ್ನೇ ಅಲುಗಾಡಿಸಿಕೊಂಡು ಆಚೆ ಬರುತ್ತದೆ. ಆದ್ದರಿಂದಲೇ ನಿಮಗೆ ಹಾಡು ಬರುವುದಿಲ್ಲ, ಧುಮ್ ಮಾತ್ರ ಬರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ನಂತರದ ಮಿತಿ 45 ಡೆಸಿಬಲ್, ಮತ್ತು ರಾತ್ರಿ ಧ್ವನಿವರ್ಧಕ ಬಳಸಲು ವಿನಾಯಿತಿ ಇರುವುದು ಮುಚ್ಚಿದ ಸಭಾಂಗಣದಂಥ ಜಾಗಗಳಿಗೆ. ತೆರೆದ ಮೇಲ್ಛಾವಣಿಯಲ್ಲಿ ಹನ್ನೊಂದೂವರೆಗೆ ಧ್ವನಿವರ್ಧಕ ನಡೆಸುವುದನ್ನು ನಾನು ಯಾವ ವಾದದಿಂದಲೂ ಸಮರ್ಥಿಸಲಾರೆ. ಅಂಥ ಕೆಲಸಗಳನ್ನು ಈಚೆಗೆ ಒಪ್ಪಿಕೊಳ್ಳುವುದನ್ನೇ ಬಿಟ್ಟಿದ್ದೇನೆ.

ಆದರೆ ಒಂದು ಅನುಭವದ ಮಾತನ್ನು ಸೇರಿಸಬೇಕು. ನೆರೆಹೊರೆಗೆ ಹೆಚ್ಚು ತೊಂದರೆ ಕೊಡುವುದು ಒಳ್ಳೆಯ ವಾದ್ಯತಂಡವಲ್ಲ. ಸಣ್ಣ ಕೋಣೆಯಲ್ಲಿ ಎಷ್ಟು ಗಟ್ಟಿ ಎಂಬುದನ್ನು ತೀರ್ಮಾನಿಸುವವನು ಡ್ರಮ್ ವಾದಕ. ಡ್ರಮ್ಮಿಗೆ ಗುಂಡಿಯಿಲ್ಲ, ತಿರುಗಿಸಿ ಕಡಿಮೆ ಮಾಡಲಾಗದು. ಕೋಲಿನಿಂದ ಜೋರಾಗಿ ಬಾರಿಸಿದರೆ ಮೈಕೇ ಇಲ್ಲದೆ ನೂರು ಡೆಸಿಬಲ್ ದಾಟುತ್ತದೆ. ಅದಕ್ಕೆ ಸರಿಗಟ್ಟಲು ಗಿಟಾರು ಏರಬೇಕು, ಗಿಟಾರಿನ ಮೇಲೆ ದನಿ ಕೇಳಲು ಹಾಡುವವರ ಮೈಕು ಏರಬೇಕು, ಆಗ ಮೈಕು ಸ್ಪೀಕರಿನ ಸದ್ದನ್ನೇ ಮತ್ತೆ ಹಿಡಿದು ಕೀರಲುತ್ತದೆ. ಪಳಗಿದ ಬಾರ್ ಡ್ರಮ್ ವಾದಕನನ್ನು ಗುರುತಿಸುವುದು ಅವನ ಮೆಲುದನಿಯಿಂದ. ಅವನ ಚೀಲದಲ್ಲಿ ಮೂರು ಬಗೆಯ ಕೋಲುಗಳಿರುತ್ತವೆ: ಮಾಮೂಲಿನವು, ತೆಳು ಕಡ್ಡಿಗಳನ್ನು ಕಟ್ಟಿದ ಕಂತೆ, ತಂತಿಯ ಕುಂಚ. ಕೋಣೆಯನ್ನು ನೋಡಿ ಆರಿಸಿಕೊಳ್ಳುತ್ತಾನೆ. ಪಿಸುಮಾತಿನಷ್ಟು ಮೆಲ್ಲಗೆ ನುಡಿಸುತ್ತಲೇ ಲಯದ ಬಿಗಿಯನ್ನು ಬಿಡದೆ ಇರುವುದು ಎಷ್ಟು ಕಷ್ಟವೆಂಬುದನ್ನು ಮೃದಂಗ ಕೇಳಿ ಬೆಳೆದವರಿಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು. ಸಂಜೆ ಐದಕ್ಕೆ ನಾವು ಶಬ್ದ ಹೊಂದಿಸುವಾಗ ಕೋಣೆ ಖಾಲಿಯಿರುತ್ತದೆ, ಪ್ರತಿ ಸದ್ದೂ ಗೋಡೆಗೆ ಬಡಿದು ಮರಳುತ್ತದೆ. ಒಂಬತ್ತಕ್ಕೆ ನೂರು ಜನ ಬಂದಾಗ ಅವರ ಮೈ, ಬಟ್ಟೆಗಳೇ ಸದ್ದನ್ನು ಹೀರಿಕೊಳ್ಳುತ್ತವೆ. ಐದು ಗಂಟೆಯ ಹೊಂದಾಣಿಕೆ ಒಂಬತ್ತಕ್ಕೆ ಸುಳ್ಳಾಗುತ್ತದೆ. ಆದ್ದರಿಂದ ಮೊದಲ ಎರಡು ಹಾಡುಗಳನ್ನು ಕೇಳಿ ತಂಡವನ್ನು ಅಳೆಯಬೇಡಿ. ಆ ಎರಡು ಹಾಡುಗಳಲ್ಲಿ ನಾವು ಇನ್ನೂ ಕೋಣೆಯನ್ನು ಕಲಿಯುತ್ತಿರುತ್ತೇವೆ. ವಾರಕ್ಕೊಮ್ಮೆಯಾದರೂ ಹೋಗುವ ಕೇಳುಗರು ಸ್ಪೀಕರಿನ ಎದುರಿಗೇ ಕೂರಬೇಡಿ. ನೂರು ಡೆಸಿಬಲ್ಲಿನಲ್ಲಿ ಕಿವಿ ಕ್ಷೇಮವಾಗಿರುವುದು ಕಾಲು ಗಂಟೆ ಮಾತ್ರ ಎಂಬುದು ಕಾರ್ಮಿಕರ ಆರೋಗ್ಯಕ್ಕಾಗಿ ಹಾಕಿಕೊಂಡಿರುವ ಲೆಕ್ಕ.

ಹನ್ನೆರಡನೇ ಮುಖ್ಯರಸ್ತೆ

ವಿವರಣೆಗೆ ಧನ್ಯವಾದಗಳು. ಮಂಚದ ಕಾಲುಗಳ ಮೂಲಕ ಬರುವುದು ಯಾಕೆಂದು ಇಂದು ತಿಳಿಯಿತು. ನಮ್ಮ ನಿವಾಸಿಗಳ ಸಂಘದ ಸಭೆಯಲ್ಲಿ ಸಂಗೀತವನ್ನೇ ನಿಲ್ಲಿಸಿ ಎಂದು ಬರೆಯಲಾಗಿದ್ದ ಮನವಿಯನ್ನು, ಮೇಲ್ಛಾವಣಿಯಿಂದ ಒಳಾಂಗಣಕ್ಕೆ ಸರಿಸಿ ಎಂದು ಬದಲಾಯಿಸಲು ಕೇಳುತ್ತೇನೆ.

ಕುಡ್ಲದವಳು

ಮಂಗಳೂರಿನಿಂದ ಒಂದು ಸಣ್ಣ ಸೇರ್ಪಡೆ. ಬಾರಿಲ್ಲದೆಯೂ ಇಂಥ ಕೇಳುವಿಕೆ ಸಾಧ್ಯ. ಇಲ್ಲಿನ ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆ ಪ್ರತಿ ತಿಂಗಳು ತಪ್ಪದೆ ಕೊಂಕಣಿಯ ವೇದಿಕೆ ಕಾರ್ಯಕ್ರಮ ನಡೆಸುತ್ತ ಬಂದಿದೆ. 2008ರ ಜನವರಿಯಲ್ಲಿ ನಲವತ್ತು ಗಂಟೆ ಬಿಡದೆ ಕೊಂಕಣಿ ಹಾಡುಗಳನ್ನು ಹಾಡಿ ಗಿನ್ನೆಸ್ ದಾಖಲೆ ಮಾಡಿದ್ದೂ ಇವರೇ. ನಮ್ಮ ಮದುವೆಗಳ ರೋಸ್ (ಮದುವೆಗೆ ಮುಂಚೆ ವಧುವರರಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ), ಆರತಕ್ಷತೆಗಳಲ್ಲಿ ನುಡಿಸುವ ಟ್ರಂಪೆಟ್, ಗಿಟಾರ್ ವಾದಕರು ಅಲ್ಲಿ ಮೊದಲ ಸಲ ಜನರು ತಮ್ಮ ಕಡೆಗೇ ಮುಖ ಮಾಡಿ ಕೂತಿರುವುದನ್ನು ಕಾಣುತ್ತಾರೆ. ನನ್ನ ಚಿಕ್ಕಪ್ಪ ಮೂವತ್ತು ವರ್ಷ ಮದುವೆಗಳಲ್ಲಿ ನುಡಿಸಿದವರು. ಅಲ್ಲಿ ಒಮ್ಮೆ ನುಡಿಸಿ ಮನೆಗೆ ಬಂದ ರಾತ್ರಿ ಬಹಳ ಹೊತ್ತು ಮಾತಾಡದೆ ಕೂತಿದ್ದರು.

ನಾಲ್ಕು ತಂತಿ

ಎಲ್ಲಿ ಕೇಳಬಹುದು ಎಂಬ ಪ್ರಶ್ನೆಗೆ ಉತ್ತರ ಬಾಕಿ ಉಳಿಯಿತು. ಜಾಗಗಳು ಬೇಗ ಬೇಗ ಬದಲಾಗುತ್ತವೆ. 2013ರಲ್ಲಿ ಇಂದಿರಾನಗರದಲ್ಲಿ ತೆರೆದ ದ ಹಮ್ಮಿಂಗ್ ಟ್ರೀ ಎಷ್ಟೋ ಹೊಸ ತಂಡಗಳಿಗೆ ತೊಟ್ಟಿಲಾಗಿತ್ತು, 2019ರಲ್ಲಿ ಮುಚ್ಚಿತು. ಕೊನೆಯ ದಿನಗಳಲ್ಲಿ ಅಲ್ಲಿ ನುಡಿಸಿದವರೆಲ್ಲ ಸಾಲಾಗಿ ಹೋಗಿ ಬಂದೆವು. ಸಂಗೀತಕ್ಕೆಂದೇ ಕಟ್ಟಿದ ಜಾಗ ಬೇಕೆಂದರೆ ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಇದೆ. 2012ರಿಂದ ಅಲ್ಲಿ ಜಾಝ್‌ಗೆ ಮೀಸಲಾದ ರಂಗಮಂದಿರವಿದ್ದು, ನುಡಿಸುವಾಗ ಮಾತಾಡಬಾರದೆಂಬುದನ್ನು ಜನ ತಾವಾಗಿಯೇ ಪಾಲಿಸುತ್ತಾರೆ. ಆದರೆ ನನ್ನ ಸಲಹೆ, ಜಾಗವನ್ನು ಹಿಡಿಯಬೇಡಿ, ಜನರನ್ನು ಹಿಡಿಯಿರಿ. ನಿಮಗೆ ಹಿಡಿಸಿದ ಗಿಟಾರ್ ವಾದಕರ ಹೆಸರು ಕೇಳಿಕೊಂಡು ಅವರು ಬೇರೆ ಯಾರ ಜೊತೆ ನುಡಿಸುತ್ತಾರೆಂದು ವಿಚಾರಿಸಿ. ನಮ್ಮಲ್ಲಿ ಪ್ರತಿಯೊಬ್ಬರೂ ಮೂರು ನಾಲ್ಕು ತಂಡಗಳಲ್ಲಿ ಇರುತ್ತಾರೆ. ಒಬ್ಬರ ಬೆನ್ನು ಹತ್ತಿದರೆ ಒಂದು ವರ್ಷದಲ್ಲಿ ಊರಿನ ಒಳ್ಳೆಯ ವಾದಕರೆಲ್ಲ ನಿಮಗೆ ಪರಿಚಯವಾಗುತ್ತಾರೆ. ಶನಿವಾರಕ್ಕಿಂತ ಮಂಗಳವಾರ, ಬುಧವಾರ ಹೋಗಿ. ಜನ ಕಡಿಮೆ ಇದ್ದಾಗ ನಾವು ನಮಗಾಗಿ ನುಡಿಸಿಕೊಳ್ಳುತ್ತೇವೆ.

ಮಲ್ಲೇಶ್ವರದ ಕೇಳುಗ

ನೀವೆಲ್ಲರೂ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಎಂದು ನಾನು ಎಣಿಸಿರಲಿಲ್ಲ. ನಿನ್ನೆ ಅದೇ ಪಬ್ಬಿಗೆ ಮತ್ತೆ ಹೋದೆ, ಈ ಸಲ ಒಬ್ಬನೇ. ಜೋರು ಮಳೆ ಬರುತ್ತಿದ್ದುದರಿಂದ ಆರೇಳು ಮೇಜುಗಳಲ್ಲಷ್ಟೇ ಜನರಿದ್ದರು. ನಿಂಬೆಹಣ್ಣಿನ ಶರಬತ್ತು ತರಿಸಿಕೊಂಡು ಹಲಗೆಯ ಎಡಕ್ಕೆ, ಸ್ಪೀಕರಿನಿಂದ ದೂರ ಕೂತೆ. ಗಾಯಕಿಯ ಬೆನ್ನ ಹಿಂದಿನ ಬೆರಳುಗಳನ್ನು ಕಂಡೆ! ಮೂರು ಬೆರಳು ಮೇಲಕ್ಕೆ ಹೋದದ್ದನ್ನು ನೋಡಿ, ಹಾಡು ಯಾವುದೆಂದು ತಿಳಿಯದಿದ್ದರೂ ಒಳಗಿನ ಮಾತನ್ನು ಕದ್ದು ಕೇಳಿಸಿಕೊಂಡಂತೆ ಸಂತೋಷವಾಯಿತು. ಡ್ರಮ್ ವಾದಕರು ಎರಡನೇ ಸೆಟ್ಟಿನಲ್ಲಿ ಕೋಲು ಕೆಳಗಿಟ್ಟು ಕುಂಚ ಹಿಡಿದರು. ಹೊರಗಿನ ಮಳೆಯ ಸದ್ದಿಗೂ ಆ ಕುಂಚದ ಸದ್ದಿಗೂ ವ್ಯತ್ಯಾಸ ತಿಳಿಯದಷ್ಟು ಮೆಲ್ಲಗೆ ನುಡಿಸುತ್ತಿದ್ದ ಆ ಹತ್ತು ನಿಮಿಷಗಳಲ್ಲಿ ಪಕ್ಕದ ಮೇಜಿನವರೂ ಮಾತು ನಿಲ್ಲಿಸಿದರು.

ವಿರಾಮದಲ್ಲಿ ಹೋಗಿ ನಾಲ್ವರ ಹೆಸರನ್ನೂ ಕೇಳಿ ಬಿಲ್ಲಿನ ಹಿಂಭಾಗದಲ್ಲಿ ಬರೆದುಕೊಂಡೆ. ನಿಮ್ಮ ಸ್ವಂತದ್ದು ಏನಾದರೂ ಇದೆಯೇ ಎಂದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೇ ಸೆಟ್ಟಿನಲ್ಲಿ ಎರಡು ನುಡಿಸಿದರು. ಎರಡನೆಯದಕ್ಕೆ ಇನ್ನೂ ಹೆಸರಿಟ್ಟಿಲ್ಲವಂತೆ. ಮ್ಯಾನೇಜರ್ ಹತ್ತಿರ ಹೇಳಬೇಕಾದದ್ದನ್ನೂ ಹೇಳಿಬಂದಿದ್ದೇನೆ.

ಬರುವ ಭಾನುವಾರ ಅದೇ ಡ್ರಮ್ ವಾದಕರು ವೈಟ್‌ಫೀಲ್ಡಿನಲ್ಲಿ ಒಂದು ಜಾಝ್ ತ್ರಯದ ಜೊತೆ ನುಡಿಸುತ್ತಾರೆ. ನಾನು ಮತ್ತು ಮಗಳು ಸಂಪಿಗೆ ರಸ್ತೆ ನಿಲ್ದಾಣದಿಂದ ಹೊರಟು ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸುತ್ತೇವೆ. ಜೊತೆಗೆ ಬರುವವರಿದ್ದರೆ ತಿಳಿಸಿ.

ದಂಡು ಪ್ರದೇಶ

ಟ್ರಿನಿಟಿ ನಿಲ್ದಾಣದಲ್ಲಿ ನಾನು ಹತ್ತುತ್ತೇನೆ.

ಮಿಕ್ಸರ್ ಹಿಂದೆ

ಡ್ರಮ್ ವಾದಕರ ಬಲಗೈ ಕಡೆಗೆ, ಎಂದರೆ ಎದುರು ಕೂತ ನಿಮಗೆ ಎಡಕ್ಕೆ, ಕೂರುವ ಜಾಗ ಸಿಗುವಂತೆ ಸ್ವಲ್ಪ ಬೇಗ ಹೋಗಿ. ಜಾಝ್‌ನಲ್ಲಿ ಲಯವನ್ನು ಹೊತ್ತು ನಡೆಯುವುದು ರೈಡ್ ಸಿಂಬಲ್. ಅದು ವಾದಕರ ಬಲಗೈ ಕಡೆ ಇರುತ್ತದೆ, ಅಲ್ಲಿಂದ ಕೋಲಿನ ತುದಿ ತಾಗುವ ಸದ್ದು ಕೂಡ ಕೇಳಿಸುತ್ತದೆ.